ಕೊಕ್ಕಿಸಾಂ ಅಚ್ಚು ಬಿಡ್ತಾ ಇಲ್ಲ, ಗೊತ್ತಿದ್ದವರು ಹೇಳಿ

ಮೂಡಬಿದ್ರೆ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಬಿದ್ರೆ ಕಡೆ, ಈಗ ಬೆಂಗಳೂರಲ್ಲಿದ್ದೇವೆ. ಈ ಸಲ ಕ್ರಿಸ್‌ಮಸ್ಸಿಗೆ ಕುಸ್ವಾರ್ (ನಮ್ಮ ಕಡೆಯ ಕ್ರಿಸ್‌ಮಸ್ ತಿಂಡಿಗಳು) ಅಂಗಡಿಯಿಂದ ತರುವುದು ಬೇಡ, ಮನೆಯಲ್ಲೇ ಮಾಡುವ ಅಂತ ನಾನೂ ಹೆಂಡತಿಯೂ ಹೊರಟಿದ್ದೇವೆ. ಅವಳು ಹಾಸನದವಳು, ಅವಳಿಗೆ ಇದೆಲ್ಲ ಹೊಸದು. ಕಿಡಿಯೊ ಆಯ್ತು, ತುಕ್ಡಿ ಆಯ್ತು, ನೆವ್ರ್ಯೊ ಪರವಾಗಿಲ್ಲ ಅನ್ನುವಷ್ಟು ಬಂತು. ಕೊಕ್ಕಿಸಾಂ ಮಾತ್ರ ಕೈ ಕೊಟ್ಟಿದೆ. ಗೊತ್ತಿಲ್ಲದವರಿಗೆ: ರೋಸ್ ಕುಕ್ಕಿ ಅಂತಾರಲ್ಲ, ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಯಲ್ಲಿ ಕರಿಯುವುದು, ಅದೇ.

ಅಚ್ಚು ಅಮ್ಮನದು. ಅವರಿಗೆ ಅವರ ಅಮ್ಮ ಕೊಟ್ಟದ್ದು. ಅಂಗೈ ಅಗಲದ ಕಬ್ಬಿಣದ ಹೂವು, ಎಂಟು ಎಸಳು, ನಡುವೆ ಒಂದು ಬಳೆ, ಮೇಲೆ ಉದ್ದದ ಕಡ್ಡಿ, ಅದರ ತುದಿಗೆ ಮರದ ಹಿಡಿ. ಹಿಡಿ ಈಗ ಗಡಗಡ ಅಲ್ಲಾಡುತ್ತದೆ. ಅಮ್ಮನಿಗೆ ಮಣಿಕಟ್ಟು ನೋವು, ಇನ್ನು ತನ್ನಿಂದಾಗದು ಅಂತ ಹೋದ ಬಾರಿ ಊರಿಗೆ ಹೋದಾಗ ಪೇಪರಲ್ಲಿ ಸುತ್ತಿ ಕೊಟ್ಟರು. ಕಪ್ಪಗೆ ಜಿಡ್ಡು ಹಿಡಿದಿತ್ತು, ಅಲ್ಲಲ್ಲಿ ತುಕ್ಕು. ನಮ್ಮ ಮನೆಗೆ ಕೆಲಸಕ್ಕೆ ಬರುವವರು ಪಾತ್ರೆ ಸೋಪು, ಸ್ಟೀಲ್ ನಾರು ಹಾಕಿ ತಿಕ್ಕಿ ಫಳಫಳ ಮಾಡಿಕೊಟ್ಟರು. ನೋಡಲಿಕ್ಕೆ ಚೆಂದ ಆಗಿದೆ.

ಸಮಸ್ಯೆ ಇಷ್ಟು: ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಗೆ ಇಳಿಸಿದರೆ ಹೂವು ಅಚ್ಚನ್ನು ಬಿಡುವುದೇ ಇಲ್ಲ. ಅಲ್ಲಾಡಿಸಿದರೆ ಅರ್ಧ ಎಸಳು ಎಣ್ಣೆಗೆ, ಅರ್ಧ ಅಚ್ಚಲ್ಲೇ. ಚಾಕುವಿನಿಂದ ಕೆರೆದು ತೆಗೆಯುವಷ್ಟರಲ್ಲಿ ಕರಕಲು. ಕೆಲವು ಸಲ ಇದರ ಉಲ್ಟಾ, ಹಿಟ್ಟು ಅಚ್ಚಿಗೆ ಹಿಡಿಯುವುದೇ ಇಲ್ಲ, ಚುಂಯ್ ಅಂತ ಜಾರಿ ಪಾತ್ರೆಯಲ್ಲೇ ಉಳಿಯುತ್ತದೆ.

ನಾವು ಹಾಕಿದ್ದು: ಅಂಗಡಿ ಅಕ್ಕಿ ಹಿಟ್ಟು 2 ಕಪ್, ಮೈದಾ 1 ಕಪ್, ಸಕ್ಕರೆ ಒಂದೂವರೆ ಕಪ್, ಮೊಟ್ಟೆ 2, ಡಬ್ಬಿಯ ತೆಂಗಿನ ಹಾಲು, ಏಲಕ್ಕಿ, ಎಳ್ಳು. ಎಣ್ಣೆ ಸೂರ್ಯಕಾಂತಿ. ಅಮ್ಮನಿಗೆ ಫೋನ್ ಮಾಡಿದರೆ "ದೋಸೆ ಹಿಟ್ಟಿನ ಹಾಗೆ ಇರ್ಬೇಕು, ಅಂದಾಜು ಗೊತ್ತಾಗ್ತದೆ" ಅಂತಾರೆ. ನನಗೆ ಗೊತ್ತಾಗ್ತಾ ಇಲ್ಲ.

ಕೆಂಪುಮೆಣಸು

ಬ್ರೋ, ಆನ್‌ಲೈನಲ್ಲಿ ನಾನ್‌ಸ್ಟಿಕ್ ಅಚ್ಚು ಸಿಗುತ್ತೆ, ಒಂದು ತರಿಸ್ಕೊಳ್ಳಿ. ಯಾಕ್ ಒದ್ದಾಡ್ತೀರ. ಹಳೇದನ್ನ ತೊಳೆದು ಶೋಕೇಸಲ್ಲಿಡಿ, ಬಂದವರಿಗೆ ತೋರ್ಸೋಕೆ ಚೆನ್ನಾಗಿರುತ್ತೆ.

ಶಂಕರಪುರದ ಬಾಯಿ

ಶೋಕೇಸಿನ ಮಾತು ಬೇಡ ಮಾರಾಯ್ರೆ. ಆ ಅಚ್ಚಿಗೆ ಏನೂ ಆಗಿಲ್ಲ, ಅದರ ಚರ್ಮ ಮಾತ್ರ ಹೋಗಿದೆ.

ನೀವು ಜಿಡ್ಡು ಅಂತ ಹೇಳಿದಿರಲ್ಲ, ಅದು ಕೊಳೆ ಅಲ್ಲ. ಪ್ರತಿ ವರ್ಷ ಎಣ್ಣೆಯಲ್ಲಿ ಕಾದು ಕಾದು ಕಬ್ಬಿಣಕ್ಕೆ ಒಂದು ಕಪ್ಪು ಪದರ ಕೂತಿರ್ತದೆ. ಹೂವು ಅಚ್ಚನ್ನು ಬಿಡುವುದೇ ಅದರಿಂದ. ಸೋಪು ಹಾಕಿ ಸ್ಟೀಲ್ ನಾರಲ್ಲಿ ತಿಕ್ಕಿದಾಗ ಅದು ಹೋಯ್ತು, ಕೆಳಗಿನ ಬರೀ ಕಬ್ಬಿಣ ಕಾಣ್ತಾ ಉಂಟು. ಮೊಟ್ಟೆ, ಸಕ್ಕರೆ ಇರುವ ಹಿಟ್ಟು ಬರೀ ಕಬ್ಬಿಣಕ್ಕೆ ತಾಗಿದರೆ ಕಚ್ಚಿ ಹಿಡಿಯದೆ ಎಂತ ಮಾಡ್ತದೆ? ಕೆಲಸದವರನ್ನು ಬೈಬೇಡಿ ಮತ್ತೆ, ಅವರಿಗೆ ಯಾರು ಹೇಳಿದ್ದಾರೆ.

ನಾನ್‌ಸ್ಟಿಕ್ ಅಚ್ಚು ನಮ್ಮ ಮನೆಗೂ ಒಂದು ಬಂದಿತ್ತು, ದುಬಾಯಿಯಿಂದ ಬಂದವರು ತಂದದ್ದು. ಹಗುರ. ಹಗುರ ಅಂದರೆ ಬಿಸಿ ನಿಲ್ಲುವುದಿಲ್ಲ, ತಣ್ಣಗಿನ ಹಿಟ್ಟಿಗೆ ಅದ್ದಿದ ಕೂಡಲೇ ಆರ್ತದೆ. ಕೊಕ್ಕಿಸಾಂ ಅಚ್ಚಿಗೆ ತೂಕ ಬೇಕು. ನಿಮ್ಮದು ಅಜ್ಜಿ ಕಾಲದ್ದಾದರೆ ತೂಕ ಇದ್ದೇ ಇರ್ತದೆ.

ಈಗ ರಿಪೇರಿ. ಮೊದಲು ಹಿಡಿ. ಮರ ಒಣಗಿ ತೂತು ದೊಡ್ಡದಾಗಿರ್ತದೆ. ಬಿದಿರಿನ ಒಂದು ತೆಳು ಸೀಳು ಒಳಗೆ ಬಡಿದರೆ ಬಿಗಿ ಆಗ್ತದೆ. ಸಡಿಲ ಹಿಡಿ ಇಟ್ಟುಕೊಂಡು ಕಾದ ಎಣ್ಣೆ ಹತ್ತಿರ ಹೋಗ್ಲೇಬೇಡಿ.

ಆಮೇಲೆ ತುಕ್ಕು. ನೆನೆಸಿದ ಹುಣಸೆಹುಳಿ, ತೆಂಗಿನ ನಾರು, ಇಷ್ಟು ಸಾಕು. ಎಸಳಿನ ಒಳ ಮೂಲೆಗಳಲ್ಲಿ ಕೆಂಪು ಉಳಿಯದ ಹಾಗೆ ತಿಕ್ಕಿ. ರಾತ್ರಿ ಅಕ್ಕಿ ತೊಳೆದ ನೀರಲ್ಲಿ ಮುಳುಗಿಸಿಡಿ. ಹೊಸ ಕಾವಲಿಯನ್ನು ಪಳಗಿಸಲಿಕ್ಕೆ ನಾವು ಮಾಡುವುದೂ ಹೀಗೆಯೇ. ಬೆಳಿಗ್ಗೆ ತೊಳೆದು ಗ್ಯಾಸಿನ ಉರಿಯಲ್ಲಿ ಹಿಡಿದು ನೀರಿನ ಪಸೆ ಪೂರಾ ಆರಿಸಿ. ತೆಂಗಿನೆಣ್ಣೆ ತೆಳುವಾಗಿ ಸವರಿ, ಪುನಃ ಉರಿಗೆ ಹಿಡಿಯಿರಿ, ಹೊಗೆ ಬಂದು ನಿಲ್ಲುವವರೆಗೆ. ಎರಡು ಮೂರು ಸಲ ಹೀಗೆ ಮಾಡಿದರೆ ಬಣ್ಣ ಕಂದು ತಿರುಗ್ತದೆ. ಕೊನೆಗೆ ಬಾಣಲೆಯಲ್ಲಿ ಅಚ್ಚು ಮುಳುಗುವಷ್ಟು ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಇಟ್ಟು, ಒಲೆ ಆರಿಸಿ ಮರುದಿನದವರೆಗೆ ಅದೇ ಎಣ್ಣೆಯಲ್ಲಿ ಬಿಡಿ. ಇನ್ನು ಮುಂದೆ ಅದಕ್ಕೆ ಸೋಪು ತಾಗಿಸ್ಬಾರದು. ಕೆಲಸ ಆದ ಮೇಲೆ ಪೇಪರಲ್ಲಿ ಒರೆಸಿ, ಎಣ್ಣೆ ಪಸೆ ಇರುವಾಗಲೇ ಸುತ್ತಿಡಿ.

ಹಿಟ್ಟಿಗೆ ಬರುವ. ನಿಮ್ಮ ಅಮ್ಮ ದೋಸೆ ಹಿಟ್ಟು ಅಂದಾಗ ಯಾವ ದೋಸೆ ಅಂತ ಕೇಳ್ಬೇಕಿತ್ತು! ಉದ್ದಿನ ದೋಸೆಯದ್ದು ದಪ್ಪ ಆಯ್ತು, ನೀರು ದೋಸೆಯದ್ದು ತೀರಾ ನೀರು. ಇದು ಎರಡರ ನಡುವೆ, ನೀರು ದೋಸೆಯ ಕಡೆಗೆ ಸ್ವಲ್ಪ ವಾಲಿದ್ದು. ಹೀಗೆ ನೋಡಿ: ಅಚ್ಚನ್ನು ತಣ್ಣಗಿರುವಾಗಲೇ ಹಿಟ್ಟಿಗೆ ಅದ್ದಿ ಎತ್ತಿ. ಎಸಳಿನ ಗೋಡೆಗೆ ಹಿಟ್ಟು ಅಂಟಿರ್ಬೇಕು, ಎಸಳಿನ ನಡುವಿನ ಕಿಂಡಿ ಖಾಲಿ ಇರ್ಬೇಕು. ಕಿಂಡಿಗೆ ಅಡ್ಡ ಪರದೆ ಕಟ್ಟಿದರೆ ಹಿಟ್ಟು ದಪ್ಪ, ತೆಂಗಿನ ಹಾಲು ಸೇರಿಸಿ. ಗೋಡೆಯಲ್ಲಿ ಕಬ್ಬಿಣ ಕಾಣುವಷ್ಟು ಇಳಿದು ಹೋದರೆ ತೆಳು, ಒಂದು ಚಮಚ ಮೈದಾ ಸೇರಿಸಿ. ನೋಡಿ ಆದ ಮೇಲೆ ಅಚ್ಚನ್ನು ಒರೆಸಿ, ನೀರಿನ ಪಸೆ ಇಲ್ಲದ ಹಾಗೆ ಮಾಡಿಯೇ ಎಣ್ಣೆಗೆ ಹಾಕಿ.

ಅಂಗಡಿ ಹಿಟ್ಟಲ್ಲಿ ಆಗುವುದಿಲ್ಲ ಅಂತ ಅಲ್ಲ. ಆದರೆ ನಾನು ಅರೆಯುವುದೇ. ಅರ್ಧ ಕೆಜಿ ಬೆಳ್ತಿಗೆ ಅಕ್ಕಿ (ಕುಚ್ಚಲು ಅಲ್ಲ, ಬಿಳಿ ಅಕ್ಕಿ), 4 ಗಂಟೆ ನೆನೆಸಿ ನೀರು ಬಸಿದದ್ದು. ಒಂದು ದೊಡ್ಡ ತೆಂಗಿನಕಾಯಿಯ ದಪ್ಪ ಹಾಲು. ಅದೇ ಹಾಲಲ್ಲಿ ಅಕ್ಕಿಯನ್ನು ನುಣ್ಣಗೆ ಅರೆಯಿರಿ, ಬೆರಳಲ್ಲಿ ಉಜ್ಜಿದರೆ ತರಿ ಸಿಗ್ಬಾರದು. 2 ಮೊಟ್ಟೆ ಬೇರೆಯೇ ಬಡಿದು ಹಾಕಿ, ಸಕ್ಕರೆ ಪುಡಿ 150 ಗ್ರಾಂ, ಮೈದಾ ಎರಡು ಮೂರು ದೊಡ್ಡ ಚಮಚ, ಉಪ್ಪು ಚಿಟಿಕೆ, ಏಲಕ್ಕಿ. ಹಾಲನ್ನು ಒಂದೇ ಸಲಕ್ಕೆ ಸುರಿಯಬೇಡಿ, ಅಕ್ಕಿ ಎಷ್ಟು ನೀರು ಕುಡಿದಿದೆ ಅಂತ ಅರೆಯುವಾಗಲೇ ಗೊತ್ತಾಗುವುದು. ಜಾಲರಿಯಲ್ಲಿ ಸೋಸಿ, ಆಮೇಲೆ ಕರಿ ಎಳ್ಳು. ಅರ್ಧ ಗಂಟೆ ಸುಮ್ಮನೆ ಬಿಡಿ.

ನಿಮ್ಮ ಸಕ್ಕರೆ ತುಂಬಾ ಜಾಸ್ತಿ ಆಯ್ತು. ಮೂರು ಕಪ್ ಹಿಟ್ಟಿಗೆ ಮುಕ್ಕಾಲು ಕಪ್ ಧಾರಾಳ. ಸಕ್ಕರೆ ಜಾಸ್ತಿಯಾದರೆ ಹೂವು ಬೇಯುವ ಮೊದಲೇ ಕೆಂಪಾಗ್ತದೆ, ಕರಗಿ ಅಚ್ಚಿಗೆ ಅಂಟ್ತದೆ, ಮರುದಿನ ಮೆತ್ತಗೂ ಆಗ್ತದೆ. ಡಬ್ಬಿಯ ಹಾಲು ತುಂಬಾ ದಪ್ಪ, ಅದಕ್ಕೆ ಅರ್ಧಕ್ಕರ್ಧ ನೀರು ಸೇರಿಸ್ಬೇಕು.

ಇನ್ನು ಕರಿಯುವುದು. ನಿಮ್ಮ ಎರಡನೇ ಕಂಪ್ಲೇಂಟು, ಹಿಟ್ಟು ಹಿಡಿಯದೆ ಜಾರುವುದು, ಅದು ಬಿಸಿಯ ವಿಷಯ. ಅಚ್ಚು ಎಣ್ಣೆಯ ಒಳಗೇ ಇದ್ದು ಎಣ್ಣೆಯ ಜೊತೆಗೇ ಕಾಯಬೇಕು. ಒಂದು ಹನಿ ಹಿಟ್ಟು ಬಿಟ್ಟರೆ ಕೆಳಗೆ ಹೋಗಿ ತಕ್ಷಣ ಮೇಲೆ ಬರ್ಬೇಕು, ಆದರೆ ಬಂದ ಕೂಡಲೇ ಕೆಂಪಾಗ್ಬಾರದು. ಆಗ ಅಚ್ಚು ಎತ್ತಿ, ಎಣ್ಣೆ ಮೇಲೆಯೇ ಒಂದು ಸಲ ಕೊಡವಿ, ಮಡಚಿದ ಪೇಪರಿಗೆ ಒಮ್ಮೆ ತಾಗಿಸಿ. ಎಣ್ಣೆ ಸುರಿಯುವ ಅಚ್ಚಿಗೆ ಹಿಟ್ಟು ಹಿಡಿಯುವುದಿಲ್ಲ. ಹಿಟ್ಟಿಗೆ ಅದ್ದುವಾಗ ಸಣ್ಣ ಶಬ್ದ ಬರ್ಬೇಕು. ದೊಡ್ಡದಾಗಿ ಚುಂಯ್ ಅಂದರೆ ಅಚ್ಚು ಅತಿ ಬಿಸಿ, ಆವಿ ಎದ್ದು ಹಿಟ್ಟನ್ನು ದೂಡ್ತದೆ. ಶಬ್ದವೇ ಇಲ್ಲದಿದ್ದರೆ ತಣ್ಣಗೆ, ಅದು ಆಮೇಲೆ ಬಿಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯ: ಮುಕ್ಕಾಲು ಭಾಗ ಮಾತ್ರ ಅದ್ದಿ. ಹಿಟ್ಟು ಅಚ್ಚಿನ ಮೇಲಂಚು ದಾಟಿ ಆ ಕಡೆ ಮಡಚಿತು ಅಂದರೆ ಮುಗಿಯಿತು, ಯಾವ ದೇವರು ಬಂದರೂ ಆ ಹೂವು ಕಳಚುವುದಿಲ್ಲ.

ಎಣ್ಣೆಗೆ ಇಳಿಸಿದ ಮೇಲೆ ಬಾಣಲೆಯ ತಳಕ್ಕೆ ತಾಗಿಸ್ಬೇಡಿ, ನಡುವಲ್ಲಿ ಹಿಡಿದುಕೊಳ್ಳಿ. ಗುಳ್ಳೆಗಳ ಗಲಾಟೆ ಸ್ವಲ್ಪ ಇಳಿಯುವವರೆಗೆ ಕಾಯಿರಿ. ನಮ್ಮ ಊರಲ್ಲಿ ಮಲ್ಲಿಗೆ ಕಟ್ಟುವ ಕೈಗಳು, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಅಂತ ಬೆಳಿಗ್ಗೆಯಿಂದ ಎಣಿಸಿ ಎಣಿಸಿ ಅಭ್ಯಾಸ ಆಗಿರ್ತದೆ. ಹಾಗಾಗಿ ನಾನು ಇಲ್ಲೂ ಬಾಯಲ್ಲೇ ಎಣಿಸುವುದು. ಹತ್ತು ಹನ್ನೆರಡಕ್ಕೆ ಅಂಚು ಗಟ್ಟಿಯಾಗ್ತದೆ, ಆಗ ಮಣಿಕಟ್ಟಿನಿಂದ ಸಣ್ಣಕ್ಕೆ ಕುಲುಕಿದರೆ ಹೂವು ತಾನಾಗಿ ಕಳಚಿ ತೇಲ್ತದೆ. ಬಿಡದಿದ್ದರೆ ತೆಂಗಿನ ಗರಿಯ ಹೊಸ ಕಡ್ಡಿಯಲ್ಲಿ ಮೇಲಿನಿಂದ ಒಂದು ಎಸಳನ್ನು ಒತ್ತಿ. ಚಾಕು ಬೇಡ. ಹೂವು ಬಿಟ್ಟ ಕೂಡಲೇ ಅಚ್ಚು ಪುನಃ ಎಣ್ಣೆಗೆ. ತಟ್ಟೆಯಲ್ಲಿಟ್ಟು ಮಾತಾಡ್ತಾ ಕೂತರೆ ಆರಿ ಹೋಗ್ತದೆ.

ಮೊದಲ ನಾಲ್ಕೈದು ಹೂವು ಅಚ್ಚಿಗೆ ಸೇರಿದ್ದು ಅಂತಲೇ ಲೆಕ್ಕ ಹಾಕಿ. ಅದು ಹಾಳಾಯ್ತು ಅಂತ ಬೇಜಾರು ಮಾಡ್ಬೇಡಿ, ಮಕ್ಕಳಿದ್ದರೆ ತುಂಡುಗಳೂ ಉಳಿಯುವುದಿಲ್ಲ.

ತೆಂಕುಪೇಟೆ

ಬಾಯಮ್ಮ, ಒಂದು ಪ್ರಶ್ನೆ. ನಾವು ಉಡುಪಿಯವರು, ಮೊಟ್ಟೆ ತಿನ್ನುವುದಿಲ್ಲ. ಚಿಕ್ಕಂದಿನಲ್ಲಿ ಪಕ್ಕದ ಮನೆಯಿಂದ ಕ್ರಿಸ್‌ಮಸ್ಸಿಗೆ ಕುಸ್ವಾರ್ ತಟ್ಟೆ ಬರ್ತಿತ್ತು. ಅದರಲ್ಲಿ ಈ ಹೂವು ಇರ್ತಿತ್ತು, ಅಮ್ಮನೂ ತಿನ್ನುತ್ತಿದ್ದರು. ಅದು ಮೊಟ್ಟೆ ಹಾಕದ್ದಾ, ಅಥವಾ ಅಮ್ಮನಿಗೆ ಯಾರೂ ಹೇಳಿರಲಿಲ್ವಾ? ಈಗ ಕೇಳಲಿಕ್ಕೆ ಧೈರ್ಯ ಇಲ್ಲ 😄 ಮೊಟ್ಟೆ ಇಲ್ಲದೆ ಮಾಡ್ಲಿಕ್ಕೆ ಆಗ್ತದಾ?

ಶಂಕರಪುರದ ಬಾಯಿ

ನಿಮ್ಮ ಪಕ್ಕದ ಮನೆಯವರ ವಿಷಯ ನಾನು ಹೇಗೆ ಹೇಳಲಿ! ನಮ್ಮಲ್ಲಿ ಮಾಡುವುದು ಹೇಳ್ತೇನೆ. ಮೊಟ್ಟೆ ತಿನ್ನದ ಮನೆಗಳಿಗೆ ಹೋಗುವ ತಟ್ಟೆಯದ್ದು ಮೊದಲ ದಿನ, ಹೊಸ ಎಣ್ಣೆಯಲ್ಲಿ, ಬೇರೆ ಅಚ್ಚಲ್ಲಿ. ಆ ಅಚ್ಚನ್ನು ಮೊಟ್ಟೆಯ ಹಿಟ್ಟಿಗೆ ಅದ್ದುವುದೇ ಇಲ್ಲ. ನನ್ನ ಅತ್ತೆ ಹಾಗೆ ಇಟ್ಟುಕೊಂಡಿದ್ದರು, ನಾನೂ ಹಾಗೆಯೇ ಇಟ್ಟುಕೊಂಡಿದ್ದೇನೆ. ಅವರ ಮನೆಯಿಂದ ಚೌತಿಗೆ, ದೀಪಾವಳಿಗೆ ನಮಗೆ ಬರುವುದನ್ನು ನಾವು ಕಣ್ಣು ಮುಚ್ಚಿ ತಿನ್ನುತ್ತೇವಲ್ಲ, ಅವರೂ ನಮ್ಮದನ್ನು ಹಾಗೆಯೇ ತಿನ್ನುವ ಹಾಗೆ ಇರ್ಬೇಕು.

ಮೊಟ್ಟೆ ಇಲ್ಲದೆ ಖಂಡಿತ ಆಗ್ತದೆ. ಅಕ್ಕಿಗೆ ಅಂಟು ಇಲ್ಲ, ಮೊಟ್ಟೆ ಮಾಡುವ ಕೆಲಸವನ್ನು ಮೈದಾ ಮಾಡ್ಬೇಕು. ಹಾಗಾಗಿ ಅಕ್ಕಿ ಹಿಟ್ಟು ಮೈದಾ ಸಮಸಮ ಹಾಕಿ, ತೆಂಗಿನ ಹಾಲು ದಪ್ಪದ್ದೇ ಇರಲಿ, ಉರಿ ಸ್ವಲ್ಪ ಕಡಿಮೆ. ಗರಿಗರಿ ಬರ್ತದೆ, ಆದರೆ ಮೊಟ್ಟೆಯದ್ದು ಹಲ್ಲಿಗೆ ತಾಗಿದ ಕೂಡಲೇ ಪುಡಿಯಾಗ್ತದೆ, ಇದು ಕಟಕಟ ಮುರಿಯುತ್ತದೆ. ನನ್ನ ಮಗಳಿಗೆ ಇದೇ ಇಷ್ಟ. ನನಗೆ ಅಲ್ಲ. ಸೋಡಾ ಪುಡಿ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳ್ಬೇಡಿ, ಎಣ್ಣೆ ಕುಡೀತದೆ.

ಓಸ್ಲೋ ಮಂಜು

ಈ ಚರ್ಚೆ ನೋಡಿ ಖುಷಿಯಾಯ್ತು. ನಾನಿರೋದು ನಾರ್ವೆಯಲ್ಲಿ. ಇಲ್ಲೂ ಕ್ರಿಸ್‌ಮಸ್ ಹತ್ತಿರ ಬಂದಾಗ ಇದನ್ನೇ ಮಾಡ್ತಾರೆ, ರೊಸೆಟ್‌ಬಾಕೆಲ್ಸ್ ಅಂತಾರೆ. ಪಕ್ಕದ ಮನೆಯ ಅಜ್ಜಿ ತೋರಿಸಿದ ಅಚ್ಚು ನೋಡಿದ್ರೆ ನೀವು ವರ್ಣಿಸಿದ ಅಚ್ಚಿನ ಅಣ್ಣತಮ್ಮ. ಒಂದೇ ವ್ಯತ್ಯಾಸ, ಹಿಡಿಯ ಕಡ್ಡಿಗೆ ತಿರುಪು ಇರುತ್ತೆ, ಹೂವು ಬಿಚ್ಚಿ ನಕ್ಷತ್ರ ಹಾಕ್ಕೋಬಹುದು. ಹಿಟ್ಟಿಗೆ ಗೋಧಿ ಹಿಟ್ಟು, ಮೊಟ್ಟೆ, ಹಾಲು. ಸಕ್ಕರೆ ಒಳಗೆ ತೀರಾ ಕಡಿಮೆ, ಕರಿದ ಮೇಲೆ ಮೇಲಿಂದ ಉದುರಿಸ್ತಾರೆ. ಬಾಯಿ ಅವರು ಸಕ್ಕರೆ ಬಗ್ಗೆ ಹೇಳಿದ್ದು ಓದಿದ ಮೇಲೆ ಇವರು ಯಾಕೆ ಹಾಗೆ ಮಾಡ್ತಾರೆ ಅಂತ ತಿಳೀತು. ಶ್ರೀಲಂಕಾದ ಸಹೋದ್ಯೋಗಿಯೊಬ್ಬರು ತಮ್ಮಲ್ಲಿ ಏಪ್ರಿಲ್ ಹೊಸ ವರ್ಷಕ್ಕೆ ಕೊಕಿಸ್ ಅಂತ ಮಾಡ್ತಾರೆ, ಅಕ್ಕಿ ಹಿಟ್ಟು ತೆಂಗಿನ ಹಾಲೇ, ಚಿಟಿಕೆ ಅರಿಶಿನ ಬೇರೆ ಅಂದ್ರು.

ಹುಡುಗರಿಗೆ ಒಂದು ಸಲಹೆ: ಹನಿ ಹಿಟ್ಟಿನ ಅಂದಾಜು ಸಿಗದಿದ್ರೆ ಅಡುಗೆ ಥರ್ಮಾಮೀಟರ್ ತಗೊಳ್ಳಿ. 180 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇಟ್ಕೊಂಡ್ರೆ ಸಾಕು. ಇಲ್ಲಿ ಕರೆಂಟ್ ಒಲೆಯಲ್ಲಿ ಉರಿ ಕಾಣಲ್ಲ, ನನಗೆ ಅದಿಲ್ಲದೆ ಕೈ ಓಡಲ್ಲ.

ಮೂಡಬಿದ್ರೆ ಹುಡುಗ

ಆಂಟಿ, ಬಂತು!! ನೀವು ಹೇಳಿದ ಹಾಗೆ ಹುಳಿ, ಅಕ್ಕಿ ನೀರು, ಎಣ್ಣೆ ಎಲ್ಲ ಮಾಡಿದೆ. ಅಚ್ಚು ಈಗ ಕಡು ಕಂದು. ಮೊದಲಿನವು ಹರಿದವು, ಆಮೇಲೆ ಒಂದು ಹೂವು ಟಕ್ ಅಂತ ಬಿಟ್ಟು ತೇಲಿದಾಗ ಹೆಂಡತಿ ಕಿರುಚಿದ್ದಕ್ಕೆ ಕೆಳಗಿನ ಮನೆಯವರು ಫೋನ್ ಮಾಡಿದರು. ಕಿಂಡಿಗೆ ಪರದೆ ಕಟ್ಟುವ ಪರೀಕ್ಷೆ ತುಂಬಾ ಉಪಯೋಗಕ್ಕೆ ಬಂತು, ನಮ್ಮ ಹಿಟ್ಟು ಎಷ್ಟು ದಪ್ಪ ಇತ್ತು ಅಂತ ಆಗ ಗೊತ್ತಾಯ್ತು. ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರಿಸಿದೆ. "ನಾನು ಅದನ್ನೇ ಹೇಳಿದ್ದಲ್ವಾ" ಅಂದರು. ಯಾವ ದೋಸೆ ಅಂತ ಕೇಳಿದ್ದಕ್ಕೆ, "ಕೊಕ್ಕಿಸಾಂ ಮಾಡುವಾಗ ಯಾರಾದರೂ ಉದ್ದಿನ ದೋಸೆ ನೆನಪು ಮಾಡ್ತಾರಾ" ಅಂತ ನನಗೇ ಬೈದರು.

ಇನ್ನೆರಡು ಕೇಳ್ತೇನೆ. ಕರೀತಾ ಕರೀತಾ ಅರ್ಧ ಆದ ಮೇಲೆ ಹೂವು ದಪ್ಪ ಬರ್ಲಿಕ್ಕೆ ಶುರುವಾಯ್ತು, ಎಳ್ಳೆಲ್ಲ ತಳದಲ್ಲಿತ್ತು. ಮತ್ತೆ, ಇದನ್ನು ಊರಿಗೆ ಅಮ್ಮನಿಗೆ ಕಳಿಸಬೇಕು. ಮುರಿಯದ ಹಾಗೆ ಹೇಗೆ?

ಶಂಕರಪುರದ ಬಾಯಿ

ಬರದೆ ಎಲ್ಲಿಗೆ ಹೋಗ್ತದೆ ಪುತಾ.

ದಪ್ಪ ಆಗುವುದು ಸಹಜ. ಬಿಸಿ ಅಚ್ಚನ್ನು ಅದ್ದಿ ಅದ್ದಿ ಹಿಟ್ಟೂ ಬೆಚ್ಚಗಾಗ್ತದೆ, ಅಕ್ಕಿ ತಳ ಹಿಡೀತದೆ. ನಾಲ್ಕೈದು ಹೂವಿಗೊಮ್ಮೆ ಸೌಟಲ್ಲಿ ತಳದಿಂದ ಕಲಕಿ, ಒಂದೆರಡು ಚಮಚ ತೆಂಗಿನ ಹಾಲು ಬಿಡಿ. ಹಿಟ್ಟು ಕಡಿಮೆ ಆದ ಹಾಗೆ ಸಣ್ಣ ಪಾತ್ರೆಗೆ ಹಾಕಿಕೊಳ್ಳಿ. ಅಗಲ ಪಾತ್ರೆಯಲ್ಲಿ ಅಚ್ಚು ಮುಕ್ಕಾಲು ಮುಳುಗುವುದಿಲ್ಲ, ನೀವು ಓರೆ ಮಾಡಿ ಅದ್ದುತ್ತೀರಿ, ಒಂದು ಕಡೆ ಎಸಳು ಗಿಡ್ಡ ಬರ್ತದೆ. ಎಣ್ಣೆಯಲ್ಲಿ ಬಿದ್ದ ಎಳ್ಳನ್ನು ಜಾಲರಿಯಲ್ಲಿ ತೆಗೀತಾ ಇರಿ, ಕರಟಿದರೆ ಕಹಿ.

ಡಬ್ಬಕ್ಕೆ ಹಾಕುವ ಮೊದಲು ಪೂರಾ ಆರ್ಬೇಕು. ಬೆಚ್ಚಗಿರುವಾಗ ಮುಚ್ಚಿದರೆ ಬೆವರಿ ಮೆತ್ತಗಾಗ್ತದೆ. ಬೆಂಗಳೂರಲ್ಲಿ ಹವೆ ಒಣ, ನಿಮಗೆ ಅಷ್ಟು ತೊಂದರೆ ಇಲ್ಲ. ಊರಿಗೆ ಬಂದ ಮೇಲೆ ಮುಚ್ಚಳ ತೆರೆದಿಟ್ಟರೆ ಒಂದೇ ದಿನದಲ್ಲಿ ಬಗ್ಗುತ್ತದೆ, ಅಮ್ಮನಿಗೆ ಹೇಳಿ.

ಕಳಿಸಲಿಕ್ಕೆ ಕೊರಿಯರ್ ಬೇಡ. ಕಿಡಿಯೊವನ್ನು ಎಲ್ಲಿ ಎಸೆದರೂ ಆಗ್ತದೆ, ಇದಕ್ಕೆ ಆಗುವುದಿಲ್ಲ. ಊರಿಗೆ ಬರುವವರು ಯಾರಾದರೂ ಇದ್ದರೆ ಅವರ ಕೈಯಲ್ಲಿ ಕೊಡಿ, ತೊಡೆ ಮೇಲೆ ಇಟ್ಟುಕೊಂಡು ಬರಲಿ. ಉರುಟು ತಗಡಿನ ಡಬ್ಬ ಒಳ್ಳೆಯದು. ಹೂವುಗಳನ್ನು ಒಂದರ ಮೇಲೆ ಒಂದು ಪೇರಿಸ್ಬೇಡಿ, ಅಂಚಿನ ಮೇಲೆ ನಿಲ್ಲಿಸಿ, ಸಾಲಾಗಿ. ನಡುವೆ ಉಳಿದ ಜಾಗಕ್ಕೆಲ್ಲ ಚರುಮುರಿ ಸುರಿದು ಡಬ್ಬ ಅಲ್ಲಾಡಿಸಿ, ಶಬ್ದ ಬಾರದಿದ್ದರೆ ಮುಚ್ಚಿ. ಚರುಮುರಿ ಉಪ್ಪು ಹಾಕದ್ದು ಆಗ್ಬೇಕು, ಗರಿಗರಿ ಇರುವುದು. ಹೂವು ಖಾಲಿಯಾದ ಮೇಲೆ ಆ ಚರುಮುರಿಯನ್ನು ಬಿಸಾಡ್ಬೇಡಿ ಅಂತಲೂ ಅಮ್ಮನಿಗೆ ಹೇಳಿ. ಏಲಕ್ಕಿ ಪರಿಮಳ ಹಿಡಿದಿರ್ತದೆ, ಕಾಯಿ ಬೆಲ್ಲ ಹಾಕಿ ಕಲಸಿದರೆ ಚಾಯದ ಜೊತೆ ಲಾಯ್ಕ ಆಗ್ತದೆ.